ಬೆಟ್ಟಮ್ಮನ ಪದ ಬಂದಿದ್ದ ಕಾಗದ

ಸಿಂಧಘಟ್ಟದ ಹಾಲಿನ ಡೇರಿಯ ಸೆಕ್ರೆಟರಿ ತಿಮ್ಮರಾಜುವಿಗೆ ಯಾರ ಮೇಲೂ ನಂಬಿಕೆಯಿಲ್ಲ ಎನ್ನುವುದು ಊರಿಗೇ ಗೊತ್ತಿದ್ದ ಸಂಗತಿ. ಹಾಲು ತಂದವರು ತುಂಬಿದ ಬಸುರಿಯಾಗಲಿ, ಒಡಹುಟ್ಟಿದ ಅಣ್ಣನಾಗಲಿ, ನೀರು ಬೆರೆತಿದೆಯೇ ಎಂದು ಲ್ಯಾಕ್ಟೋಮೀಟರು ಅದ್ದಿ ನೋಡದೆ ಒಂದು ತೊಟ್ಟು ಹಾಲನ್ನು ಕ್ಯಾನಿಗೆ ಸುರಿಸಿಕೊಂಡವನಲ್ಲ. ಡೇರಿಯ ಕೆಲಸಕ್ಕೆ ಅದು ಒಳ್ಳೆಯ ಗುಣವೇ ಇರಬಹುದು. ಆದರೆ ಈ ಮಹಾನುಭಾವ ಸಂಜೆ ಬೀಗ ಹಾಕುವಾಗ ಆ ಗುಣವನ್ನು ಡೇರಿಯೊಳಗೇ ಬಿಟ್ಟು ಮನೆಗೆ ಹೋಗಬೇಕಿತ್ತಲ್ಲ, ಹೋಗುತ್ತಿರಲಿಲ್ಲ. ಕಟ್ಟಿಕೊಂಡ ಹೆಂಡತಿಯ ಗಂಟಲಿನ ಮೇಲೂ ಅವನಿಗೆ ಅನುಮಾನ.

ಹೆಂಡತಿ ಬೆಟ್ಟಮ್ಮ ಸೋಬಾನೆ ಪದ ಹೇಳುವವಳು. ಸುತ್ತಲಿನ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಹೆಣ್ಣಿಗೆ ಅರಿಶಿನ ಹಚ್ಚುವ ಹೊತ್ತಿಗೆ ಬೆಟ್ಟಮ್ಮ ಬಂದು ಕೂರಬೇಕು. ಹಳೆಯ ಪದಗಳನ್ನು ಎಲ್ಲರೂ ಹೇಳುತ್ತಾರೆ. ಇವಳು ಹಾಗಲ್ಲ. ಹಸೆಯ ಮೇಲೆ ಕೂತ ಹೆಣ್ಣನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಅವಳ ಹೆಸರು, ಅವಳ ಗುಂಗುರು ಕೂದಲು, ಅವಳ ಮುಂಗೋಪ, ಅವಳಪ್ಪನ ಜಿಪುಣತನ ಎಲ್ಲವನ್ನೂ ಸೇರಿಸಿ ಅಲ್ಲೇ ಹೊಸ ಪದ ಕಟ್ಟಿಬಿಡುತ್ತಿದ್ದಳು. ಹೆಂಗಸರು ಮೊದಮೊದಲು ಬಿದ್ದು ಬಿದ್ದು ನಗುತ್ತಿದ್ದರು. ಕೊನೆಯ ನುಡಿಗೆ ಬರುವ ಹೊತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಒಬ್ಬಳಿಗೆ ಕಟ್ಟಿದ ಪದವನ್ನು ಇನ್ನೊಬ್ಬಳಿಗೆ ಹೇಳಿದವಳಲ್ಲ. ಬರೆದಿಡೋಣವೆಂದರೆ ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

ಎಂಬತ್ತನಾಲ್ಕನೆಯ ಇಸವಿಯಲ್ಲಿ ಡೆನ್ಮಾರ್ಕ್ ದೇಶದಿಂದ ಇಂಗ್ರಿಡ್ ಎಂಬ ಹೆಂಗಸು ಈ ಪದಗಳನ್ನು ಟೇಪಿನಲ್ಲಿ ಹಿಡಿದುಕೊಂಡು ಹೋಗಲು ಬಂದಳು. ನಾಲ್ಕು ದಿನ ಇವರ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮುದ್ದೆಯನ್ನು ಅಗಿದು ಅಗಿದು ತಿಂದು ಊರವರನ್ನೆಲ್ಲ ನಗಿಸಿ, ಬೆಟ್ಟಮ್ಮನ ದನಿಯನ್ನು ಹಿಡಿದುಕೊಂಡಳು, ಫೋಟೋ ತೆಗೆದುಕೊಂಡಳು. ಮಾರನೆಯ ವರ್ಷ ಅಂಚೆಯಲ್ಲಿ ಒಂದು ಕ್ಯಾಸೆಟ್ಟು ಬಂತು. ಮನೆಯಲ್ಲಿ ಟೇಪ್ ರೆಕಾರ್ಡರು ಎಲ್ಲಿತ್ತು? ಬೆಟ್ಟಮ್ಮ ಹಿಗ್ಗು ತಡೆಯಲಾರದೆ ಅದನ್ನು ಎದುರಿನ ಚೌಡಯ್ಯನ ಟೀ ಅಂಗಡಿಗೆ ಕೊಟ್ಟು ಹಾಕಿಸಿ, ತನ್ನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಬೆಂಚಿನ ಮೇಲಿದ್ದ ಗಂಡಸರು ಟೀ ಲೋಟ ಹಿಡಿದುಕೊಂಡೇ ಸುಮ್ಮನಾಗಿಬಿಟ್ಟಿದ್ದರು. ಯಾರೋ ಒಬ್ಬ, "ತಿಮ್ಮರಾಜನ ಎಂಡ್ರು ಕಣ್ಲಾ! ಏನ್ ಕಂಠ್ಲಾ ಇದು, ಎದೆ ಒಳೀಕೇ ಕೈ ಆಕ್ತದಲ್ಲ!" ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆಗ ತಾನೇ ಸೈಕಲ್ಲಿನಿಂದ ಇಳಿಯುತ್ತಿದ್ದ ತಿಮ್ಮರಾಜುವಿನ ಕಿವಿಗೆ ಆ ಮಾತು ಬಿತ್ತು.

ಟೇಪ್ ರೆಕಾರ್ಡರಿನ ಬಾಯಿ ತೆಗೆದು ಕ್ಯಾಸೆಟ್ಟು ಕಿತ್ತುಕೊಂಡು, ಮನೆಯೊಳಕ್ಕೆ ಬಂದವನೇ ಉರಿಯುವ ಒಲೆಗೆ ಹಾಕಿದ. "ಕಂಡೋರೆಲ್ಲಾ ಕೂತ್ಕಂಡು ಕೇಳಾಕೆ ನೀನೇನು ರೇಡಿಯೋನಾ?" ಎಂದ. ಬೆಟ್ಟಮ್ಮ ಒಲೆಯಿಂದ ಎದ್ದ ಕಪ್ಪು ಹೊಗೆಗೆ ಕೆಮ್ಮಿ, ಸಾರಿನ ಮಡಕೆಯನ್ನು ಪಕ್ಕಕ್ಕೆ ಇಳಿಸಿದಳು. ಅಷ್ಟೇ. ಅವತ್ತಿನಿಂದ ಅವಳು ಪದ ಹೇಳಲಿಲ್ಲ. ಮದುವೆ ಮನೆಯವರು ಕರೆಯಲು ಬಂದರೆ "ಗಂಟ್ಲು ಕೂತೋಗದೆ ಕಣಕ್ಕ" ಎನ್ನುವಳು. ಐದು ವರ್ಷ ಹಾಗೇ ಗಂಟಲು ಕೂರಿಸಿಕೊಂಡು ಬಾಳಿ, ತೊಂಬತ್ತರಲ್ಲಿ ಕಾಮಾಲೆಯಾಗಿ ಹನ್ನೆರಡೇ ದಿನಕ್ಕೆ ಹೋಗಿಬಿಟ್ಟಳು. ಮಗಳು ಸುನಿತಾಗೆ ಆಗ ಹನ್ನೊಂದು ವರ್ಷ. ಮನೆಯಲ್ಲಿ ಬೆಟ್ಟಮ್ಮನ ಒಂದು ಫೋಟೋ ಕೂಡ ಇರಲಿಲ್ಲ.

ಹೋದ ಮೇಲೆ ಬುದ್ಧಿ ಬಂತೇ ಅಂದರೆ, ಬಂತು. ಆದರೆ ಆ ಬುದ್ಧಿಯನ್ನು ತೆಗೆದುಕೊಂಡು ಏನು ಮಾಡುವುದು? ಒಂಬತ್ತು ವರ್ಷ ತಿಮ್ಮರಾಜು ಮದುವೆ ಮನೆಗಳಲ್ಲಿ ಅರಿಶಿನದ ಹೊತ್ತಿಗೆ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದ. ತೊಂಬತ್ತೊಂಬತ್ತರಲ್ಲಿ ಸುನಿತಾಗೆ ನಾಗಮಂಗಲದ ಕಡೆ ಗಂಡು ಗೊತ್ತಾಯಿತು. ಬೆಳ್ಳೂರು ಕ್ರಾಸಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಹುಡುಗ, ಒಳ್ಳೆಯವನು. ಸೀರೆ ತಂದ ದಿನ ಸುನಿತಾ ಅದನ್ನು ಮಡಿಲ ಮೇಲೆ ಹರಡಿಕೊಂಡು ಕೂತಿದ್ದವಳು ಇದ್ದಕ್ಕಿದ್ದಂತೆ, "ಅಪ್ಪ, ಅವ್ವನ ಮೊಕ ಒಸಿ ಒಸಿ ಗ್ಯಾನ್ದಲ್ಲಿ ಅದೆ. ದನಿ ಮಾತ್ರ ಎಷ್ಟ್ ತಿಣುಕಿದ್ರೂ ಬರಾಕಿಲ್ಲ ಕಣಪ್ಪ" ಎಂದಳು. ಕ್ಯಾಸೆಟ್ಟು ಸುಟ್ಟದ್ದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದು ಹೀಯಾಳಿಸಿದ್ದರೆ ತಿಮ್ಮರಾಜು ತಡೆದುಕೊಳ್ಳುತ್ತಿದ್ದನೇನೋ. ಸುಮ್ಮನೆ ಹೇಳಿದಳಲ್ಲ, ಅದು ಅವನಿಗೆ ಸಹಿಸಲಾಗಲಿಲ್ಲ.

ಟ್ರಂಕಿನ ತಳದಲ್ಲಿ ಕ್ಯಾಸೆಟ್ಟು ಬಂದಿದ್ದ ಲಕೋಟೆ ಹಾಗೇ ಇತ್ತು, ಇಂಗ್ರಿಡ್ಡಳ ವಿಳಾಸದ ಸಮೇತ. ಮಾಂಗಲ್ಯ ಮಾಡಿಸಲು ಪಾಂಡವಪುರದ ಕಾಳಪ್ಪಾಚಾರಿಯ ಅಂಗಡಿಗೆ ಹೋಗುವಾಗ ಅದನ್ನು ಜೇಬಿಗಿಟ್ಟುಕೊಂಡ. ಯಾಕೆಂದರೆ ಕಾಳಪ್ಪನ ಮಗ ರಘುನಂದನ್ ಅಪ್ಪನ ಹಿಂದೆ ಕೂತು ಉಜ್ಜುವ ಕೆಲಸ ಬಿಟ್ಟು, ಅಂಗಡಿಯನ್ನು ನಡುವೆ ಪ್ಲೈವುಡ್ಡಿನಿಂದ ಸೀಳಿ, ಆಚೆ ಅರ್ಧದಲ್ಲಿ ಕಂಪ್ಯೂಟರು ಇಟ್ಟಿದ್ದ. ಜಾತಕ ತೆಗೆದುಕೊಡುತ್ತಿದ್ದ, ಅರ್ಜಿ ಹೊಡೆದುಕೊಡುತ್ತಿದ್ದ, ಮೈಸೂರಿಗೆ ಫೋನ್ ಹಚ್ಚಿ ಇ-ಮೇಲ್ ಕೂಡ ತರಿಸಿಕೊಡುತ್ತಿದ್ದ. ಸುತ್ತಮುತ್ತ ಅಂಥದ್ದು ಇನ್ನೊಂದಿರಲಿಲ್ಲ. ರಘುನಂದನ್ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು, ತನ್ನ ಅಂಗಡಿಯ ಇ-ಮೇಲ್ ವಿಳಾಸ ಕೊಟ್ಟು, ಇಂಗ್ರಿಡ್ಡಳಿಗೆ ಅಂಚೆಗೆ ಹಾಕಿದ. ಬೆಟ್ಟಮ್ಮನ ಪದ, ಫೋಟೋ ನಿಮ್ಮ ಹತ್ತಿರ ಉಳಿದಿದ್ದರೆ ದಯವಿಟ್ಟು ಕಳಿಸಿ ಎಂದು.

ಅಪ್ಪ ಮಗ ಇಬ್ಬರೂ ಮಾನವಂತರು ಅನ್ನಬೇಕು. ಚಿನ್ನದ ಕೆಲಸದವರ ಮೇಲೆ ಜನಕ್ಕೆ ಯಾವಾಗಲೂ ಒಂದು ಕಣ್ಣು. ಆ ಕಣ್ಣಿಗೆ ಬೇಸತ್ತೇ ಕಾಳಪ್ಪ ಒಂದು ಕಟ್ಟುಪಾಡು ಮಾಡಿಕೊಂಡಿದ್ದ. ಕೆಲಸ ಮುಗಿದ ಮೇಲೆ ಚಿನ್ನ ಕರಗಿಸುವ ಮೂಸೆಯನ್ನು ಗಿರಾಕಿಯ ಮುಂದೆಯೇ ಬೋರಲು ಹಾಕಿ ತೋರಿಸುವನು, ಮಣೆಯನ್ನು ಕುಂಚದಿಂದ ಗುಡಿಸುವನು, ಅಗ್ಗಿಷ್ಟಿಕೆಯ ಬೂದಿಯನ್ನೂ ಕೆದಕಿ ತೋರಿಸುವನು. "ನಿಮ್ದು ನಿಮ್ಗೆ ಬಂತು. ನಮ್ ತಾವ ಒಂದ್ ಚೂರೂ ಉಳೀನಿಲ್ಲ, ನೋಡ್ಕಳಿ ಗೌಡ್ರೇ" ಎನ್ನುವನು. ಲ್ಯಾಕ್ಟೋಮೀಟರಿನ ತಿಮ್ಮರಾಜು ಹದಿನೆಂಟು ವರ್ಷದಿಂದ ಬೇರೆ ಅಂಗಡಿ ಮೆಟ್ಟಿಲು ಹತ್ತದಿದ್ದದ್ದು ಇದೇ ಕಾರಣಕ್ಕೆ.

ಮದುವೆಗೆ ಇನ್ನು ಎಂಟು ದಿನ ಇದೆ ಅನ್ನುವಾಗ ಡೇರಿಗೆ ರಘುನಂದನನ ಫೋನು ಬಂತು. "ಬಂದದೆ ಗೌಡ್ರೇ. ಭಾರಿ ಕಾಗದ. ಇಳಿಯಾಕೇ ಮುಕ್ಕಾಲು ಗಂಟೆ ತಗೊಂತು!"

ತಿಮ್ಮರಾಜು ಮನೆಯಲ್ಲಿ ಬಾಯಿ ಬಿಡಲಿಲ್ಲ. ಅರಿಶಿನದ ದಿನ ಸುನಿತಾ ಹಸೆಯ ಮೇಲೆ ಕೂತಾಗ, ಹೆಂಗಸರ ನಡುವೆ, ತನ್ನ ಮನೆಯೊಳಗೇ, ಬೆಟ್ಟಮ್ಮನ ದನಿ ಏಳಬೇಕು. ಮಗಳು ತಿರುಗಿ ತನ್ನ ಮುಖ ನೋಡಬೇಕು. ಸುಟ್ಟದ್ದಕ್ಕೆ ಅಷ್ಟಾದರೂ ಆದೀತು ಎನ್ನುವುದು ಅವನ ಲೆಕ್ಕ. ಒಬ್ಬನೇ ಚಿನಕುರಳಿ ಮೇಲಿನ ಬಸ್ಸು ಹತ್ತಿ ಪಾಂಡವಪುರಕ್ಕೆ ಬಂದ. ಅವತ್ತು ಸಂತೆ. ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಈಚೆ ಅರ್ಧದಲ್ಲಿ ಕಾಳಪ್ಪ ಕನ್ನಡಕ ಮೂಗಿಗಿಳಿಸಿಕೊಂಡು ಊದುಗೊಳವೆ ಊದುತ್ತಿದ್ದ. ಆಚೆ ರಘುನಂದನ್ ಸ್ಟೂಲು ಎಳೆದುಕೊಟ್ಟು, ಇಲಿಯಂಥ ಗುಂಡಿಯನ್ನು ಎರಡು ಸಲ ಟಕ್ ಟಕ್ ಎಂದು ಒತ್ತಿದ.

ಇ-ಮೇಲಿನ ಕಾಗದ ಪರದೆಯ ಮೇಲೆ ಬಿಚ್ಚಿಕೊಂಡಿತು. ಮೇಲೆ ಇಂಗ್ಲಿಷ್ ಬರಹ, ಅದರ ಕೆಳಗೆ ಮೆಲ್ಲಮೆಲ್ಲನೆ ಎರಡು ಪಟ ಮೂಡಿದವು. ಒಂದರಲ್ಲಿ ಬೆಟ್ಟಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು, ತೊಡೆಯ ಮೇಲೆ ಐದು ವರ್ಷದ ಸುನಿತಾಳನ್ನು ಮಲಗಿಸಿಕೊಂಡು ತಲೆ ಬಾಚುತ್ತಿದ್ದಾಳೆ. ಇನ್ನೊಂದರಲ್ಲಿ ಅವಳ ಮುಖವೊಂದೇ, ಬಾಯಿ ಅರ್ಧ ತೆರೆದಿದೆ. ಅದನ್ನು ನೋಡುತ್ತಿರುವಂತೆಯೇ, ಯಾರೂ ಏನೂ ಒತ್ತದೆ, ಮೇಜಿನ ಮೇಲಿದ್ದ ಸ್ಪೀಕರುಗಳಿಂದ ಅವಳ ದನಿ ಬಂತು.

ತಿಮ್ಮರಾಜು ಮೇಜಿನ ಅಂಚು ಹಿಡಿದುಕೊಂಡ. ಹದಿನಾಲ್ಕು ವರ್ಷವಾಗಿತ್ತು ಆ ದನಿ ಪದ ಹೇಳಿದ್ದು ಕೇಳಿ. ಅಯ್ಯೋ, ಆಗ ಅವನು ಕಣ್ಣು ಮುಚ್ಚಿಕೊಂಡು ಸುಮ್ಮನೆ ಕೂತಿದ್ದರೆ! ಒಂದೇ ಒಂದು ಸಲ ಆ ಮನುಷ್ಯ ಸುಮ್ಮನೆ ಕೂತಿದ್ದರೆ! ಆದರೆ ಪದ ಎರಡನೆಯ ನುಡಿಗೆ ಹೋಗುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಪಕ್ಕದಂಗಡಿಯ ದರ್ಜಿ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬಂದು ನಿಂತಿದ್ದ. ಅವನ ಹಿಂದೆ ಬದನೆಕಾಯಿ ಕುಕ್ಕೆ ಹೊತ್ತವಳು, ಅವಳ ಹಿಂದೆ ಕೊಡೆ ಹಿಡಿದವನೊಬ್ಬ. "ಏನ್ ಕಂಠ್ರೀ, ಯಾರ್ದು?" ಎಂದ ಕೊಡೆಯವನು. ತಿಮ್ಮರಾಜು ಅವನ ಬಾಯಿಯನ್ನೇ ನೋಡಿದ. ಆಮೇಲೆ ದರ್ಜಿಯ ಮುಖ ನೋಡಿದ. ಬಾಗಿಲಲ್ಲಿ ಇನ್ನೂ ಇಬ್ಬರು ಸೇರಿಕೊಂಡರು. ಪದ ಮುಗಿದು, ತನ್ನಷ್ಟಕ್ಕೆ ಮತ್ತೆ ಮೊದಲಿನಿಂದ ಶುರುವಾಯಿತು.

"ನಿಲ್ಸಲಾ ಅದ!" ಎಂದು ಕೂಗಿದ ತಿಮ್ಮರಾಜು. ರಘುನಂದನ್ ಗಾಬರಿಯಾಗಿ ಸ್ಪೀಕರಿನ ವೈರು ಕಿತ್ತ. ಬಾಗಿಲಲ್ಲಿದ್ದವರು ಮೂಗು ಮುರಿದು ಒಂದೆರಡು ಹೆಜ್ಜೆ ಸರಿದರು. ಪೂರ್ತಿ ಹೋಗಲಿಲ್ಲ.

"ಓದು, ಏನ್ ಬರ್ದವ್ರೆ," ಎಂದ ತಿಮ್ಮರಾಜು, ದನಿ ತಗ್ಗಿಸಿ.

ಬರೆದವನು ಇಂಗ್ರಿಡ್ಡಳ ಮಗ ಯೆನ್ಸ್. ರಘುನಂದನ್ ಇಂಗ್ಲಿಷನ್ನು ಓದಿಕೊಂಡು ಕನ್ನಡದಲ್ಲಿ ಹೇಳುತ್ತ ಹೋದ. "ಅವ್ರ ತಾಯಿ ಹೋದ್ ವರ್ಸ ತೀರ್ಕಂಡ್ರಂತೆ. ಟೇಪುಗಳೆಲ್ಲ ಬೂಷ್ಟು ಹಿಡ್ದಿದ್ವಂತೆ. ನಿಮ್ಮೋರ್ದು ಒಂದೇ ಪದ ಸಿಕ್ತು, ಅದ್ನ ಕಂಪ್ಯೂಟರಿಗೆ ಏರಿಸಿ ಮುಗೀತಿದ್ದಂಗೇ ಟೇಪು ತುಂಡಾಯ್ತು ಅಂದವ್ರೆ. ಆ ಟೇಪಿನ ಡಬ್ಬಿ ಮೇಲೆ ಅವ್ರ ತಾಯಿ ಬರ್ದಿದ್ರಂತೆ, 'ಬೆಟ್ಟಮ್ಮ ತನ್ನ ಮಗಳ ಅರಿಶಿನದ ದಿನಕ್ಕೆ ಅಂತ ಈಗ್ಲೇ ಕಟ್ಟಿಟ್ಟಿರೋ ಪದ' ಅಂತ."

ತಿಮ್ಮರಾಜು ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ.

"ತಾಯಿ ಮನೆ ಖಾಲಿ ಮಾಡ್ತಾವ್ರಂತೆ. ಆ ಮನೆ ಕಂಪ್ಯೂಟರ್ನೂ ಅಳಿಸಿ ನಾಳೆ ಯಾರ್ಗೋ ಕೊಟ್ಬುಡ್ತಾರಂತೆ, ಅವ್ರ ಇ-ಮೇಲ್ ವಿಳಾಸಾನೂ ಮುಚ್ತದಂತೆ. ಆಮೇಲೆ ಏನೋ ಕಂಪ್ಯೂಟರ್ ವಿಚಾರ ಬರ್ದವ್ರೆ, ಅದ್ ಬುಡಿ, ನಂಗೊತ್ತಿರೋದೇ."

"ಅಂಗಾರೆ ಈ ಪದ ಇನ್ನೆಲ್ಲೂ ಇಲ್ವಾ?"

"ಇಲ್ಲ ಗೌಡ್ರೇ. ಇದೊಂದೇಯ."

ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಅನ್ನುತ್ತಿದ್ದರು. ಇವನಿಗೆ ಒಳಗೊಳಗೇ ತಂಪಾಯಿತು. ಆ ದೂರದೇಶದಲ್ಲೂ ಇಲ್ಲ, ಯಾರ ಕೈಯಲ್ಲೂ ಇಲ್ಲ, ತನ್ನದು ತನಗೇ ಬಂತು ಅಂದುಕೊಂಡ. ಇದೆಂಥ ಬುದ್ಧಿ ಅಂತೀರಿ! ಹೆಂಡತಿ ಸತ್ತು ಒಂಬತ್ತು ವರ್ಷವಾಗಿದೆ, ಇನ್ನೂ ಅವಳನ್ನು ಮುಚ್ಚಿಟ್ಟುಕೊಳ್ಳುವ ಚಪಲ.

ರಘುನಂದನ್ ಹೊಸ ಫ್ಲಾಪಿ ತೆಗೆದು ತೂರಿಸಿದ. "ಯಾವ ಕಂಪ್ಯೂಟರ್ನಲ್ಲಾದ್ರೂ ತೆರ್ಕಳೋ ಅಂಗೆ ಹಾಕ್ಕೊಡ್ತೀನಿ ಗೌಡ್ರೇ" ಎಂದು ಏನೇನೋ ಒತ್ತಿದ. ಫ್ಲಾಪಿ ಕರಕರ ಎಂದು ಸುಮ್ಮನಾಯಿತು. ಕಾಗದವನ್ನು ಇಟ್ಟುಕೊಂಡರೆ ಕಾಗದದಲ್ಲಿರುವುದೆಲ್ಲ ಬಂದಂತೆಯೇ ಎಂದು ಅವನು ನಂಬಿದ್ದ. ಹಾಡುವ ಕಾಗದವನ್ನು ಅವನೂ ಅದೇ ಮೊದಲು ನೋಡಿದ್ದು.

"ಪಟಾನೂ ಬಂತಾ?"

"ಎಲ್ಲಾ ಬಂತು. ಒಂದ್ಸಲ ತೆರ್ದು ನೋಡ್ಬುಡ್ಲಾ?" ಎನ್ನುತ್ತ ರಘುನಂದನ್ ಸ್ಪೀಕರಿನ ವೈರಿಗೆ ಕೈ ಹಾಕಿದ.

"ಬ್ಯಾಡ, ಬ್ಯಾಡ. ಅದು ತಿರ್ಗ ಹಾಡ್ತದೆ. ಸಂತೆ ಜನ ಎಲ್ಲಾ ಬಾಗ್ಲಾಗೇ ಸಾಯ್ತಾವ್ರೆ." ತಿಮ್ಮರಾಜು ಫ್ಲಾಪಿಯನ್ನು ಜೇಬಿಗಿಟ್ಟುಕೊಂಡು ಎದ್ದವನು ಮತ್ತೆ ಕೂತ. "ನಿನ್ ಮಿಸಿನ್ನೊಳಗೆ ಇನ್ನೂ ಅದ್ಯಾ ಅದು?"

"ಇರ್ತದೆ ಗೌಡ್ರೇ. ಒಂದಷ್ಟ್ ದಿನ ಇರ್ಲಿ ಅಂತ."

"ಅಳಿಸ್ಬುಡು."

ರಘುನಂದನ್ ಅನುಮಾನಿಸಿದ. ಮದುವೆ ಮುಗಿಯುವವರೆಗಾದರೂ ಇರಲಿ ಎಂದು ಗೊಣಗಿದ. ಅಷ್ಟರಲ್ಲಿ ಪ್ಲೈವುಡ್ಡಿನ ಈಚೆಯಿಂದ ಕಾಳಪ್ಪ, ಊದುಗೊಳವೆ ಕೆಳಗಿಟ್ಟು, ಗದರಿದ. "ಅವ್ರ ಮನೆ ಎಣ್ಮಗಳ ದನಿ ಅದು. ಅವ್ರದ್ದು ಅವ್ರಿಗೆ ಕೊಟ್ಟಾದ್ ಮೇಕೆ ನಮ್ ತಾವ ಯಾಕ್ಲಾ ಇಟ್ಕತೀಯ? ಅವ್ರ ಮುಂದ್ಗಡೇನೇ ಗುಡ್ಸು."

ಅಪ್ಪನ ಕಟ್ಟುಪಾಡು ಮಗನ ಮೈಯಲ್ಲೂ ಇತ್ತು. ರಘುನಂದನ್ ಕಾಗದವನ್ನು ಅಳಿಸಿದ. ಅಳಿಸಿದ್ದು ಹೋಗಿ ಬೀಳುವ ಕಸದ ಬುಟ್ಟಿಯನ್ನೂ ತೆರೆದು ಖಾಲಿ ಮಾಡಿದ. ಬೋರಲು ಹಾಕಿದ ಮೂಸೆಯ ಹಾಗೆ ಬರಿದಾದ ಪರದೆಯನ್ನು ತಿಮ್ಮರಾಜುವಿನ ಕಡೆಗೆ ತಿರುಗಿಸಿ, "ನೋಡ್ಕಳಿ ಗೌಡ್ರೇ, ಏನೂ ಉಳೀನಿಲ್ಲ" ಎಂದ. ತಿಮ್ಮರಾಜು ಬಗ್ಗಿ ಚೆನ್ನಾಗಿ ನೋಡಿ ತೃಪ್ತಿಪಟ್ಟುಕೊಂಡ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಸಿಂಧಘಟ್ಟದ ಮನೆಯ ಮುಂದೆ ಚಪ್ಪರದಡಿಯಲ್ಲಿ ಹಸೆ ಹಾಕಿದ್ದರು. ತಿಮ್ಮರಾಜುವಿನ ಅಣ್ಣನ ಮಗಳು ಶ್ವೇತ ಕೆ.ಆರ್.ಪೇಟೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದಳು. ಚಿಕ್ಕಪ್ಪ ಕಾಲು ಹಿಡಿಯುವುದೊಂದು ಬಾಕಿ ಎನ್ನುವಂತೆ ಕೇಳಿಕೊಂಡಿದ್ದಕ್ಕೆ ಅಲ್ಲಿಯ ಒಂದು ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಟೆಂಪೋದಲ್ಲಿ ತಂದು, ಜಗಲಿಯ ಮೇಲೆ ಜೋಡಿಸಿದ್ದಳು. ಏನಿದು, ಯಾಕಿದು ಎಂದು ಹೆಂಗಸರೆಲ್ಲ ಕೇಳಿ ಕೇಳಿ ಸೋತಿದ್ದರು.

ಸುನಿತಾ ಹಸೆಯ ಮೇಲೆ ಕೂತಳು. ಸೋದರತ್ತೆ ಎಣ್ಣೆ ಮುಟ್ಟಿಸಿ, ಅರಿಶಿನದ ಬಟ್ಟಲು ಎತ್ತಿಕೊಂಡಳು. ಬೆಟ್ಟಮ್ಮನ ಹಿಂದೆ ಪದ ಎತ್ತಿಕೊಳ್ಳುತ್ತಿದ್ದ ಚಿಕ್ಕಬೋರಮ್ಮ, ಈಗ ಎಪ್ಪತ್ತು ದಾಟಿದ ಮುದುಕಿ, ಕಂಬಕ್ಕೆ ಒರಗಿ ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ಯಾವತ್ತೂ ಅರಿಶಿನದ ಹೊತ್ತಿಗೆ ಆಚೆ ಹೋಗಿ ನಿಲ್ಲುವ ತಿಮ್ಮರಾಜು ಹೆಂಗಸರ ನಡುವೆ ಬಂದು ನಿಂತ.

"ತಡೀ ಬೋರಮ್ಮ," ಎಂದ. "ಇವತ್ತು ನೀ ಪದ ಏಳ್ಬ್ಯಾಡ. ಅವ್ಳೇ ಏಳ್ತಾ‌ಳೆ. ಸುನಿತಾ, ನಿಮ್ಮವ್ವ ನಿಂಗೆ ಅಂತ ಒಂದ್ ಪದ ಕಟ್ಟಿಟ್ಟಿದ್ಳು ಕಣವ್ವ. ಈ ದಿನಕ್ಕೇ ಅಂತ ಕಟ್ಟಿದ್ದು. ಆ ಫಾರಿನ್ ಎಂಗಸಿನ ಮನೇಲಿತ್ತು, ತರ್ಸಿವ್ನಿ. ದನಿ ಅವ್ಳ್ದೇಯ. ಪಟಾನೂ ಅದೆ."

ಸುನಿತಾಳ ಕಣ್ಣು ಅಪ್ಪನ ಮುಖಕ್ಕೆ ಅಂಟಿಕೊಂಡವು. "ಅವ್ವನ ದನಿಯಾ?" ಎಂದಳು. ಎಷ್ಟು ಮೆಲ್ಲಗೆಂದರೆ ಸೋದರತ್ತೆಗೂ ಸರಿಯಾಗಿ ಕೇಳಿಸಲಿಲ್ಲ. ತಿಮ್ಮರಾಜು ಬದುಕಿನಲ್ಲಿ ಅಷ್ಟು ಸುಖ ಪಟ್ಟಿದ್ದು ಆ ಒಂದು ಗಳಿಗೆ ಮಾತ್ರ.

ಶ್ವೇತ ಫ್ಲಾಪಿ ತೂರಿಸಿ ಒತ್ತಿದಳು. ಕಾಗದ ತೆರೆದುಕೊಂಡಿತು. ಇಂಗ್ಲಿಷ್ ಬರಹ ಬಂತು. ಅದರ ಕೆಳಗೆ ಪಟ ಇರಬೇಕಾದ ಕಡೆ ಎರಡು ಖಾಲಿ ಚೌಕ. ಒಂದೊಂದು ಚೌಕದ ಮೂಲೆಯಲ್ಲೂ ಒಂದೊಂದು ಸಣ್ಣ ಕೆಂಪು ಕತ್ತರಿ ಗುರುತು, ಮಗ್ಗಿ ಪುಸ್ತಕದ ಗುಣಾಕಾರದ ಹಾಗೆ. ಸದ್ದಿಲ್ಲ. ಶ್ವೇತ ಸ್ಪೀಕರಿನ ಗುಂಡಿ ಪೂರಾ ತಿರುಗಿಸಿದಳು. ಗುರ್ರ್ ಎಂಬ ಶಬ್ದ ಬಿಟ್ಟರೆ ಇನ್ನೇನೂ ಇಲ್ಲ.

"ತಡೀರಿ, ನಿಧಾನಕ್ಕೆ ಬತ್ತದೆ ಅದು. ಅವತ್ತೂ ಅಂಗೇ ಬಂದಿದ್ದು," ಎಂದ ತಿಮ್ಮರಾಜು ಸುತ್ತ ನೋಡುತ್ತ.

ತಡೆದರು. ಎಣ್ಣೆ ಸುನಿತಾಳ ಹಣೆಯಿಂದ ಹುಬ್ಬಿಗೆ ಇಳಿಯಿತು. ಶ್ವೇತ ಅಷ್ಟೊತ್ತಿಗೆ ಇಂಗ್ಲಿಷನ್ನು ಕೊನೆಯವರೆಗೆ ಓದಿದ್ದಳು. ಅವಳ ಮುಖ ಕಪ್ಪಿಟ್ಟಿತು.

"ಚಿಕ್ಕಪ್ಪ, ಇದ್ರಲ್ಲಿ ಬರವಣಿಗೆ ಮಾತ್ರ ಅದೆ. ಅವ್ರೇ ಕೊನೇಲಿ ಬಿಡಿಸಿ ಬಿಡಿಸಿ ಬರ್ದವ್ರೆ ನೋಡು. ಕಾಗದ ಇಟ್ಕಂಡ್ರೆ ಪಟ, ಪದ ಜೊತೇಲಿ ಬರ್ದೇ ಓಗ್ಬೋದು. ಪಟದ ಮೇಲೆ ಒತ್ತಿ ಅದನ್ನ ಬೇರೆ ಇಳಿಸ್ಕಳಿ, ಪದಾನ ಬೇರೆ ಇಳಿಸ್ಕಳಿ. ಎರಡ್ನೂ ತೆರ್ದು ನೋಡೋಗಂಟ ಈ ಕಾಗದ ಮಾತ್ರ ಅಳಿಸ್ಬ್ಯಾಡಿ ಅಂತ." ಆಮೇಲೆ ಅವಳೇ ಸಮಾಧಾನ ಹೇಳಿದಳು. "ಗಾಬ್ರಿ ಆಗ್ಬ್ಯಾಡ. ಪಾಂಡವಪುರದ ಕಂಪ್ಯೂಟರ್ನಲ್ಲಿ ಮೂಲ ಕಾಗದ ಇದ್ದೇ ಇರ್ತದೆ. ಪೋನ್ ಮಾಡು, ಒಂದ್ ಗಳಿಗೆ ಕೆಲ್ಸ. ಮದ್ವೆ ಒಳ್ಗೆ ತರ್ಸ್ಕಬೋದು."

ತಿಮ್ಮರಾಜು ಚಪ್ಪಲಿ ಹಾಕಿಕೊಳ್ಳದೆ ಡೇರಿಗೆ ಓಡಿದ. ಅಲ್ಲಿ ಇಲ್ಲ ಎಂದು ಅವನಿಗೆ ಗೊತ್ತು. ಬಗ್ಗಿ ಕಣ್ಣಾರೆ ನೋಡಿ ಬಂದಿದ್ದನಲ್ಲ. ಆದರೂ ಓಡಿದ. ಎಲ್ಲಾದರೂ ಒಂದು ಮೂಲೆಯಲ್ಲಿ, ಮಣೆಯ ಸಂದಿಯಲ್ಲಿ ಒಂದು ಚೂರು ಉಳಿದಿರಬಾರದೇ ಎಂದು.

ಫೋನಿನಲ್ಲಿ ರಘುನಂದನ್ ವಿಷಯವೆಲ್ಲ ಕೇಳಿಕೊಂಡ. "ಮೈಸೂರ್ ಕಡೆಯಿಂದ ಇಳಿಸ್ಕಂಡ್ ಮೇಲೆ ಅಲ್ಲೂ ಇರಾಕಿಲ್ಲ ಗೌಡ್ರೇ. ಆ ಡೆನ್ಮಾರ್ಕಿನೋರ ವಿಳಾಸಕ್ಕೆ ಮೊನ್ನೇನೇ ಒಂದ್ ಥ್ಯಾಂಕ್ಸ್ ಕಾಗದ ಕಳ್ಸಿದ್ದೆ, ವಿಳಾಸ ಮುಚ್ಚದೆ ಅಂತ ವಾಪಸ್ ಬಂತು. ನಂದೂ ತಪ್ಪದೆ. ಓದ್ಬೇಕಿತ್ತು. ಆದ್ರೆ ಅಳಿಸು ಅಂದಿದ್ದು ನೀವೇ ಅಲ್ವರಾ?" ಎಂದ. ಕೊನೆಯ ಮಾತು ಹೇಳುವಾಗ ಅವನು ಅಳುತ್ತಿದ್ದ. ತಿಮ್ಮರಾಜು ಫೋನು ಇಟ್ಟ.

ತಿರುಗಿ ಬಂದಾಗ ಚಪ್ಪರದಡಿ ಯಾರೂ ಕದಲಿರಲಿಲ್ಲ. ಅವನ ಮುಖ ನೋಡಿದರೇ ಸಾಕಾಗಿತ್ತು, ಯಾರೂ ಏನಾಯಿತು ಎನ್ನಲಿಲ್ಲ. ಸುನಿತಾ ಮಾತ್ರ, "ನೀನು ಕೇಳ್ದಾ ಅಪ್ಪ?" ಎಂದಳು.

"ಊಂ."

"ಪೂರಾ?"

"ಊಂ ಕಣವ್ವ. ಪೂರಾ."

ಸುನಿತಾಳ ಮುಖ ಮತ್ತೆ ಅರಳಿತು. ಅದನ್ನು ನೋಡುವುದಕ್ಕಿಂತ ಅವಳು ಬಯ್ದಿದ್ದರೆ ವಾಸಿಯಿತ್ತು. "ಅಂಗಾರೆ ಏನೂ ಓಗಿಲ್ಲ ಬುಡು. ಏನಂತ ಕಟ್ಟಿತ್ತು ಅವ್ವ ನಂಗೆ? ನನ್ ಎಸ್ರು ಏಳ್ತಾ? ನೀ ಮಾತ್ನಲ್ಲಿ ಏಳು ಸಾಕು, ಬೋರಜ್ಜಿ ಎತ್ಕತದೆ."

ಚಿಕ್ಕಬೋರಮ್ಮ ಕಂಬ ಬಿಟ್ಟು ಮುಂದಕ್ಕೆ ಸರಿದಳು. "ಊ ಕಣಪ್ಪ ತಿಮ್ಮರಾಜ. ಅವ್ಳ ರಾಗ ನಾ ಇನ್ನೂ ಮರ್ತಿಲ್ಲ. ಒಂದ್ ಎಳೆ ಕೊಡು ನೀನು, ಮಿಕ್ಕಿದ್ದ ನಾವು ಸೇರುಸ್ಕತೀವಿ. ಒಂದೇ ಒಂದ್ ಎಳೆ."

ತಿಮ್ಮರಾಜು ಬಾಯಿ ತೆರೆದ. ಹುಡುಕಿದ. ದರ್ಜಿಯ ಕೊರಳಿನ ಟೇಪು ನೆನಪಿಗೆ ಬಂತು, ಅದರ ಹಳದಿ ಬಣ್ಣ ಕೂಡ. ಬದನೆಕಾಯಿಯವಳ ಕುಕ್ಕೆ ನೆನಪಿಗೆ ಬಂತು. ಕೊಡೆಯವನ ಮುಂದಿನ ಎರಡು ಹಲ್ಲು, ಅವನು ಕೇಳಿದ ಮಾತು, ಹಿಂದೆ ಬಂದು ಸೇರಿಕೊಂಡ ಇಬ್ಬರ ಅಂಗಿ ನೆನಪಿಗೆ ಬಂದವು. ಯಾರ್ಯಾರು ಕೇಳಿದರು ಎನ್ನುವುದೆಲ್ಲ ಇವನಿಗೆ ಬರೆದಿಟ್ಟ ಹಾಗೆ ನೆನಪಿತ್ತು. ಅವರು ಕೇಳಿದ್ದು ಏನನ್ನು ಎಂಬುದರಲ್ಲಿ ಒಂದು ಅಕ್ಷರ ನೆನಪಿರಲಿಲ್ಲ.

"ಮೊದ್ಲು ಕೆಮ್ಮಿದ್ಳು," ಎಂದ.

ಹೆಂಗಸರು ಕಾದರು.

"ಆಮೇಕೆ 'ಸುರು ಮಾಡ್ಲಾ ಅಕ್ಕ' ಅಂದ್ಳು. ಆ ಫಾರಿನ್ ಎಂಗಸ್ಗೆ."

"ಆಮೇಕೆ?" ಎಂದಳು ಸುನಿತಾ.

ತಿಮ್ಮರಾಜುವಿನ ಕಣ್ಣಲ್ಲಿ ನೀರು ತುಂಬಿಕೊಂಡು ಇಳಿಯತೊಡಗಿತು. ಊರಿನವರು ಆ ಮನುಷ್ಯ ಅತ್ತಿದ್ದನ್ನು ನೋಡಿದ್ದು ಅದೇ ಮೊದಲು, ಹೆಂಡತಿ ಸತ್ತಾಗಲೂ ನೋಡಿರಲಿಲ್ಲ. ಆದರೆ ಯಾರಿಗೂ ಅಯ್ಯೋ ಪಾಪ ಅನ್ನಿಸಲಿಲ್ಲ. ಅವರು ಕಾಯುತ್ತಿದ್ದದ್ದು ಅವನ ಕಣ್ಣೀರಿಗಲ್ಲ.

ಸುನಿತಾ ಅವನನ್ನು ನೋಡುತ್ತಲೇ ಇದ್ದಳು. ಅವಳ ಮುಖದಲ್ಲಿದ್ದದ್ದು ಒಂದೊಂದಾಗಿ ಇಳಿದುಹೋಯಿತು. "ನೀನು ಕೇಳ್ಲೇ ಇಲ್ಲ ಕಣಪ್ಪ," ಎಂದಳು. ಸಿಟ್ಟಿರಲಿಲ್ಲ. ಹಾಲು ಕಡಿಮೆ ಇದೆ ಎಂದು ಹೇಳುವಾಗ ಹೇಗೆ ಹೇಳುತ್ತಾರೋ ಹಾಗೆ ಹೇಳಿದಳು. ಆಮೇಲೆ ಸೋದರತ್ತೆಯ ಕಡೆಗೆ ಕೆನ್ನೆ ತಿರುಗಿಸಿ, "ಅಚ್ಚು ಅತ್ತೆ, ಒತ್ತಾಯ್ತದೆ" ಎಂದಳು.

ಸೋದರತ್ತೆ ಬಟ್ಟಲಿಗೆ ಬೆರಳು ಅದ್ದಿದಳು. ಶ್ವೇತ ಕಂಪ್ಯೂಟರಿನ ಸ್ವಿಚ್ಚು ಆರಿಸಿ ಕಂಬಳಿ ಹೊದಿಸಿದಳು. ಚಿಕ್ಕಬೋರಮ್ಮ ಮತ್ತೆ ಕಂಬಕ್ಕೆ ಒರಗಿ ಒಂದು ಪದ ಎತ್ತಿದಳು, ಹೆಂಗಸರು ಹಿಂದೆ ಸೇರಿಸಿಕೊಂಡರು. ಎಲ್ಲ ಮದುವೆ ಹೆಣ್ಣುಗಳಿಗೂ ಹೇಳುವ ಪದ ಅದು.